ಒಂದೇ ಕೊಳಗದ ಅಳತೆ

ನಮ್ಮ ಅಜ್ಜನ ಕಾಲದಲ್ಲಿ ಊರಿಗೊಂದು ಸೇರು ಇದ್ದಿತಂತೆ. ಒಂದು ಸಂತೆಯಲ್ಲಿ ಕೊಂಡ ಹತ್ತು ಸೇರು ರಾಗಿಯನ್ನು ಮತ್ತೊಂದು ಸಂತೆಯಲ್ಲಿ ಅಳೆದರೆ ಎಂಟೇ ಆಗುತ್ತಿತ್ತು. ಕಚ್ಚಾ ಸೇರು, ಪಕ್ಕಾ ಸೇರು ಎಂಬ ಈ ತಕರಾರಿನಲ್ಲಿ ನಷ್ಟ ಹೊರುತ್ತಿದ್ದವನು ರೈತನೇ. 1956ರ ಶಾಸನದಿಂದ ದೇಶಕ್ಕೆಲ್ಲ ಮೆಟ್ರಿಕ್ ಅಳತೆ ಬಂದ ಮೇಲೆ ಆ ಗೊಂದಲ ಕ್ರಮೇಣ ಮರೆಯಾಯಿತು.

ವಿದ್ಯೆಗೂ ಇಂಥ ಸಮಾನವಾದ ಅಳತೆಯೊಂದು ಬೇಕೆ? ಬೇಕೆಂಬುದೇ ನನ್ನ ಅಭಿಪ್ರಾಯ. ಹತ್ತನೆಯ ತರಗತಿ ಮುಗಿಸಿದ ಮಗು, ಅದು ಯಾವ ಊರಿನದೇ ಆಗಲಿ, ಇಷ್ಟನ್ನು ಓದಿ ತಿಳಿಯಬಲ್ಲದು, ಇಷ್ಟು ಲೆಕ್ಕವನ್ನು ಬಿಡಿಸಬಲ್ಲದು ಎಂಬ ಭರವಸೆ ಸಮಾಜಕ್ಕೆ ಇರಬೇಕು. ಆದರೆ ಕೊಳಗ ಒಂದೇ ಆದಮಾತ್ರಕ್ಕೆ ನ್ಯಾಯ ದೊರೆಯಿತೆಂದು ತಿಳಿಯಲಾಗದು.

ಬಹಳ ವರ್ಷಗಳ ಹಿಂದೆ ಕನ್ನಡ ಮಾಧ್ಯಮದ ನನ್ನ ವಿದ್ಯಾರ್ಥಿನಿಯೊಬ್ಬಳು ವಿಜ್ಞಾನದಲ್ಲಿ ನೂರಕ್ಕೆ ತೊಂಬತ್ತಾರು ಅಂಕ ಗಳಿಸಿ ಪಟ್ಟಣದ ಕಾಲೇಜನ್ನು ಸೇರಿದಳು. ತಿಂಗಳು ತುಂಬುವುದರೊಳಗೆ ಪುಸ್ತಕದ ಚೀಲದೊಡನೆ ನಮ್ಮ ಮನೆಯ ಜಗಲಿಯ ಮೇಲೆ ಬಂದು ಕುಳಿತಳು. "ಮೇಷ್ಟ್ರೇ, ವಿಜ್ಞಾನ ಬಿಟ್ಟುಬಿಡುತ್ತೇನೆ. ಅಲ್ಲಿ ಹೇಳುವುದು ಒಂದೂ ತಿಳಿಯುವುದಿಲ್ಲ" ಎಂದಳು. ಟಿಪ್ಪಣಿ ಪುಸ್ತಕ ತೆರೆದು ನೋಡಿದೆ. 'ಫೋಟೋಸಿಂಥೆಸಿಸ್' ಎಂದು ಕಿವಿಗೆ ಬಿದ್ದಂತೆ ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಮುಂದೆ ಪ್ರಶ್ನೆಯ ಚಿಹ್ನೆ ಹಾಕಿದ್ದಳು. "ನೀನು ಚಿತ್ರ ಬರೆದು ವಿವರಿಸುತ್ತಿದ್ದ ದ್ಯುತಿಸಂಶ್ಲೇಷಣೆಯೇ ಅಲ್ಲವೇನಮ್ಮಾ ಇದು?" ಎಂದೆ. ಅವಳು ಹಣೆ ಚಚ್ಚಿಕೊಂಡು ನಕ್ಕಳು, ಮರುಕ್ಷಣವೇ ಕಣ್ಣೊರೆಸಿಕೊಂಡಳು.

ಅವಳ ಅಂಕ ಸುಳ್ಳಲ್ಲ. ಕಾಲೇಜಿನ ಪಾಠವೂ ತಪ್ಪಲ್ಲ. ನಡುವೆ ಸೇತುವೆಯಿರಲಿಲ್ಲ, ಅಷ್ಟೆ. ಅಮೆರಿಕದ ರಾಜ್ಯಗಳು ಕೂಡಿ 2010ರಲ್ಲಿ ಭಾಷೆಗೂ ಗಣಿತಕ್ಕೂ ಸಮಾನ ಮಾನದಂಡವನ್ನು ರೂಪಿಸಿದಾಗ, ಕಾಲೇಜಿಗೂ ಉದ್ಯೋಗಕ್ಕೂ ಏನು ಬೇಕೆಂಬಲ್ಲಿಂದ ಹಿಂದುಹಿಂದಕ್ಕೆ ಎಣಿಸುತ್ತ ಒಂದೊಂದು ತರಗತಿಯ ಕಲಿಕೆಯನ್ನು ಗೊತ್ತುಪಡಿಸಿದರು. ಬಹುಪಾಲು ರಾಜ್ಯಗಳು ಅದನ್ನು ಒಪ್ಪಿದವು. ಕೆಲವು ಆಮೇಲೆ ಹಿಂದೆಗೆದವು. ಅವರ ಜಗಳ ಅವರಿಗಿರಲಿ. ಮುಂದಿನ ಮೆಟ್ಟಿಲನ್ನು ನೋಡಿಕೊಂಡು ಈ ಮೆಟ್ಟಿಲನ್ನು ಕಟ್ಟುವ ಆ ಕ್ರಮ ಮಾತ್ರ ನನಗೆ ಮೆಚ್ಚಿಕೆಯಾಯಿತು. ಕನ್ನಡದಲ್ಲಿ ಕಲಿಯುವುದನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಅರ್ಥವಾದುದರ ಇನ್ನೊಂದು ಹೆಸರನ್ನು ಒಂಬತ್ತನೆಯ ತರಗತಿಯಲ್ಲಿಯೇ ಪರಿಚಯಿಸಿದರೆ ಸಾಕು.

ಎಲ್ಲರೂ ಕಾಲೇಜಿಗೇ ಹೋಗುವವರಲ್ಲ ಎಂಬುದನ್ನೂ ನೆನೆಯಬೇಕು. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರಲ್ಲಿಯೇ ಸಮಾನ ಶಾಲೆಗಳ ಜೊತೆಗೆ ಕಾರ್ಯಾನುಭವವನ್ನೂ ಶಿಫಾರಸು ಮಾಡಿತ್ತು. ನಾವು ಪರೀಕ್ಷೆಯನ್ನು ಸಮಾನಗೊಳಿಸಿದೆವು. ಉಳಿದವನ್ನು ಬಹುಮಟ್ಟಿಗೆ ಮರೆತೆವು. ಎಸ್.ಎಸ್.ಎಲ್.ಸಿ.ಯ ಅಂಕಗಳಲ್ಲಿ ಬಹುಪಾಲು ಬರವಣಿಗೆಗೇ ಮೀಸಲು. ಮನೆಯ ನಕ್ಷೆಯನ್ನು ಓದುವುದು, ನಾಲ್ಕು ಜನರೆದುರು ನಿಂತು ಒಂದು ವಿಷಯವನ್ನು ವಿವರಿಸುವುದು, ಕೆಟ್ಟ ಪಂಪನ್ನು ಬಿಚ್ಚಿ ದೋಷ ಹುಡುಕುವುದು ಇವೂ ಕಲಿಕೆಯೇ. ಇವನ್ನು ಅಳೆಯಲು ನಮ್ಮಲ್ಲಿ ಇನ್ನೂ ತಕ್ಕ ಕೊಳಗವಿಲ್ಲ.

ಆ ಹುಡುಗಿ ವಿಜ್ಞಾನವನ್ನು ಬಿಡಲಿಲ್ಲ. ಭಾನುವಾರಗಳಂದು ನಮ್ಮ ಜಗಲಿಯಲ್ಲಿ ಕುಳಿತು, ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆದು ಪಟ್ಟಿಯೊಂದನ್ನು ಸಿದ್ಧಪಡಿಸಿದಳು. ವಿಜ್ಞಾನದಲ್ಲಿ ನಾನೂ ಅವಳ ಸಹಪಾಠಿಯೇ ಆಗಿದ್ದೆ. ಮರುವರ್ಷ, ಒಂಬತ್ತನೆಯ ತರಗತಿಯಲ್ಲಿದ್ದ ಅವಳ ತಮ್ಮ ಬಂದು ಆ ಪಟ್ಟಿಯನ್ನು ನಕಲು ಮಾಡಿಕೊಂಡು ಹೋದ.