ಹೆಸರು ಊರಿನದು, ಅರಿವು ಯಾರದು?

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ದೊರೆತ ಗೇರಿನ ಕುಟುಂಬದ ಮರವೊಂದು 2000ರಲ್ಲಿ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂಬ ಹೆಸರಿನಿಂದ ವಿಜ್ಞಾನಲೋಕಕ್ಕೆ ಪರಿಚಿತವಾಯಿತು. ಊರಿನ ಹೆಸರು ಲ್ಯಾಟಿನ್ನಿಗೆ ಏರಿತು. ಅರಿವಿನ ಬಹುಪಾಲು ಇಂಗ್ಲಿಷ್ ನಿಯತಕಾಲಿಕೆಗಳಲ್ಲೇ ಉಳಿಯಿತು.

ಈ ಮರದ ನೆಲೆ ರಾಮಪತ್ರೆ ಜಡ್ಡಿ. ವರ್ಷವಿಡೀ ಒಸರುವ ನೀರು, ಕೆಸರಿನಿಂದ ಮೊಣಕಾಲಿನಂತೆ ಮಡಚಿ ಮೇಲೆದ್ದು ಉಸಿರಾಡುವ ಬೇರುಗಳು. ಇಲ್ಲಿನ ರಾಮಪತ್ರೆಯ ಬೀಜ ಒಣಗಿದರೆ ಸತ್ತಂತೆಯೇ. ಕಾಯ್ದಿಟ್ಟು ಮುಂದೊಮ್ಮೆ ಬಿತ್ತುವ ಮಾತಿಲ್ಲ. ಜಡ್ಡಿಯ ನೀರು ಬಸಿದು ಅಡಿಕೆ ಹಾಕಿದಲ್ಲೆಲ್ಲ (ತೋಟಿಗರಿಗೆ ಈ ಮಾತು ಕಹಿಯೆನಿಸೀತು) ಮರದೊಡನೆ ಮೊಳಕೆಯ ನೆಲವೂ ಅಳಿಯಿತು. ಮುಳುಗುವ ಕಾಡಿಗೆ ಬದಲಾಗಿ ಬೇರೆಡೆ ಸಸಿ ನೆಡುತ್ತೇವೆಂಬ ಯೋಜನಾಧಿಕಾರಿಗಳ ಭರವಸೆ ಇಲ್ಲಿ ಪೊಳ್ಳು. ಸಸಿ ನೆಡಬಹುದು, ಒರತೆಯನ್ನು ನೆಡಲಾಗದು.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಜೀವಸಂಪತ್ತಿನ ದಾಖಲೆ ಬರೆಯಬೇಕು. ಸಂಶೋಧಕರಿಗೆ ಜಡ್ಡಿಯ ದಾರಿ ತೋರುವವರು ಊರವರೇ. ಆದರೂ ಪರಿಸರ ಪರಿಣಾಮ ವರದಿಯ ಮೇಲೆ ಸಾರ್ವಜನಿಕ ಅಹವಾಲು ನಡೆದಾಗ ಅವರ ಕೈಯಲ್ಲಿ ಏನಿರುತ್ತದೆ? ಅಧ್ಯಯನಕ್ಕೆ ಅನುಮತಿ ಕೊಡುವಾಗಲೇ, ಕನ್ನಡದ ವರದಿಯೊಂದನ್ನು ಆ ಸಮಿತಿಗೆ ಒಪ್ಪಿಸಬೇಕೆಂಬ ಷರತ್ತನ್ನು ಅರಣ್ಯ ಇಲಾಖೆ ವಿಧಿಸಲಿ. ಒಪ್ಪದವರಿಗೆ ಕಾನಿನ ದಣಪೆ ತೆರೆಯಬೇಕಾಗಿಲ್ಲ.