ಪ್ರಶ್ನೆಗೆ ಕಾವಲು ಯಾರು?

ಚಿಕ್ಕಮಗಳೂರು ಎಂದೊಡನೆ ಬೊರಿವಲಿಯ ನಮಗೆ ನೆನಪಾಗುವುದು ಕಾಫಿ ತೋಟ, ಮತ್ತೆ 1978ರ ಉಪಚುನಾವಣೆ. ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಗಾಂಧಿಯವರು ಲೋಕಸಭೆಗೆ ಮರಳಿದ ಕಥೆ ನಮ್ಮ ಹಿರಿಯರಿಗೆ ಬಾಯಿಪಾಠ. ಆದರೆ ಮರುತಿಂಗಳೇ, ಡಿಸೆಂಬರ್ 19ರಂದು, ಸಭೆ ಅವರನ್ನು ಏಕೆ ಉಚ್ಚಾಟಿಸಿ ಸೆರೆಮನೆಗೆ ಕಳಿಸಿತು? 'ತುರ್ತು ಪರಿಸ್ಥಿತಿ ಹೇರಿದ್ದಕ್ಕೆ' ಎನ್ನುತ್ತಾರೆ. ಅದು ಸರಿಯಲ್ಲ.

ಕಾರಣ ಒಂದು ಪ್ರಶ್ನೆ. ಪ್ರಧಾನಿಯ ಪುತ್ರ ಸಂಜಯ ಗಾಂಧಿಯವರ ಮಾರುತಿ ಕಂಪನಿಯ ಬಗೆಗೆ 1975ರಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಉತ್ತರಕ್ಕೆ ವಿವರ ಕಲೆಹಾಕಲು ಹೊರಟ ನಾಲ್ವರು ಅಧಿಕಾರಿಗಳ ಬೆನ್ನಿಗೆ ಸಿ.ಬಿ.ಐ. ಬಿತ್ತು. ಅವರನ್ನು ಬೆದರಿಸಿ, ಕಿರುಕುಳವಿತ್ತು, ಸುಳ್ಳು ಮೊಕದ್ದಮೆ ಹೂಡಲಾಯಿತೆಂದು ಸಭೆಯ ಹಕ್ಕುಬಾಧ್ಯತಾ ಸಮಿತಿ ಕಂಡುಕೊಂಡಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು!

ಇಂಥ ಗುರುತರ ಅಪರಾಧಕ್ಕೆ ಸಭೆ ಮಾಡಿದ್ದೇನು? ಜನತಾ ಬಹುಮತ ಉಚ್ಚಾಟನೆಯ ಹಾದಿ ಹಿಡಿಯಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತೆ, ಚಿಕ್ಕಮಗಳೂರಿನ ಮತದಾರರು ತಮ್ಮ ಪ್ರತಿನಿಧಿಯನ್ನು ಕಳೆದುಕೊಂಡರು. ನ್ಯಾಯಕ್ಕೆ ಸೇಡಿನ ಬಣ್ಣ ಬಂತು. 1980ರಲ್ಲಿ ಗಾಳಿ ತಿರುಗಿತು. 1981ರ ಮೇ 7ರಂದು ಹೊಸ ಬಹುಮತ ಆ ನಿರ್ಣಯವನ್ನೇ ರದ್ದುಗೊಳಿಸಿತು. ಎರಡು ಸಲವೂ ಎಣಿಸಿದ್ದು ತಲೆಗಳನ್ನು. ಪೆಟ್ಟು ತಿಂದ ನಾಲ್ವರು ಜನರ ನೆನಪಿನಿಂದಲೇ ಮರೆಯಾದರು.

ಬಹುಮತ ಸರಕಾರದ ಕೈಯಲ್ಲಿರುತ್ತದೆ. ಉಳಿದ ಸದಸ್ಯರ ಕೈಯಲ್ಲಿರುವುದು ಪ್ರಶ್ನೆಯೊಂದೇ. ಉತ್ತರ ತರುವ ನೌಕರನೇ ಅಂಜಿದರೆ ಆ ಪ್ರಶ್ನೆಗೆ ಬೆಲೆಯೇನು? ಅವನಿಗೆ ಗಟ್ಟಿ ರಕ್ಷಣೆ ಒದಗಿಸುವುದೇ ಸಭೆಯ ಮೊದಲ ಕೆಲಸವಾಗಬೇಕಿತ್ತೆಂಬುದು ನಮ್ಮ ವಾದ.

ಇದು ದಿಲ್ಲಿಯ ಹಳೆಯ ಮಾತೆಂದು ಕೈತೊಳೆದುಕೊಳ್ಳುವಂತಿಲ್ಲ. 2022ರ ಮಾರ್ಚಿನಲ್ಲಿ ಮುಂಬಯಿ ಮಹಾನಗರಪಾಲಿಕೆಯ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಚುನಾಯಿತ ಸದಸ್ಯರೊಬ್ಬರೂ ಇರಲಿಲ್ಲ. ಆಯುಕ್ತರೇ ಆಡಳಿತಾಧಿಕಾರಿ, ಬಜೆಟ್ ಮಂಡಿಸುವವರೂ ಅವರೇ, ಮಂಜೂರು ಮಾಡುವವರೂ ಅವರೇ. ಬೊರಿವಲಿಯ ನೀರು, ಗಟಾರ, ರಸ್ತೆಗಳ ಬಗೆಗೆ ಸಭೆಯಲ್ಲಿ ಎದ್ದು ಕೇಳುವವರಿರಲಿಲ್ಲ. ಊರಿನ ಚುನಾವಣಾ ಫಲಿತಾಂಶಕ್ಕೆ ಜಾಗರಣೆ ಮಾಡುವ ನಾವು ಆಗ ತುಟಿ ಬಿಚ್ಚಿದೆವೆ?

ಇನ್ನು ಮುಂದೆ ಸಂಘದ ವಾರ್ಷಿಕೋತ್ಸವಕ್ಕೆ ಜನಪ್ರತಿನಿಧಿ ಬಂದಾಗ ಹಾರ ಹಾಕೋಣ, ಬೇಡವೆನ್ನೆವು. ಜತೆಗೆ ಒಂದು ಮಾತನ್ನೂ ಕೇಳೋಣ: 'ಸ್ವಾಮಿ, ಈ ವರ್ಷ ತಾವು ಸಭೆಯಲ್ಲಿ ಕೇಳಿದ ಪ್ರಶ್ನೆಗಳಾವುವು? ಅವಕ್ಕೆ ಬಂದ ಉತ್ತರವೇನು?'