ಗಿಡವಾಗಿಯೇ ಇರಲಿ ನೀಲಗಿರಿ

ನೀಲಗಿರಿ ಬೆಟ್ಟದ ರೈತ ಬಾಂಧವರಲ್ಲಿ ಒಂದು ಮಾತು.

1843ರಲ್ಲಿ ಆಸ್ಟ್ರೇಲಿಯದ ನೀಲಗಿರಿ ಮರವು ನಮ್ಮ ಬೆಟ್ಟಕ್ಕೆ ಬಂದುದು ಉರುವಲಿಗಾಗಿ. ಸೌದೆ ಸಿಕ್ಕಿತು, ಎಣ್ಣೆಯೂ ಸಿಕ್ಕಿತು. ಆದರೆ ಅದಕ್ಕೆ ತೆತ್ತ ಬೆಲೆಯೇನು? ಗ್ಲೆನ್‌ಮಾರ್ಗನ್ ಬಳಿ ಒಂದು ಹುಲ್ಲುಗಾವಲಿನ ಕೊಳ್ಳದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನೆಲಕ್ಕೆ ಈ ಮರ ನೆಟ್ಟು, ಹರಿಯುವ ನೀರನ್ನು ಅಳೆದರು. 1972ರಿಂದ ಮೊದಲ ಹತ್ತು ವರ್ಷಗಳಲ್ಲಿ ನೀರು ನೂರಕ್ಕೆ ಸುಮಾರು 16 ಪಾಲು ತಗ್ಗಿತು. ಮರ ಕಡಿದು, ಬುಡ ಚಿಗುರಿ ಮತ್ತೆ ಬೆಳೆದ ಮುಂದಿನ ಹತ್ತು ವರ್ಷಗಳಲ್ಲಿ 25 ಪಾಲು ತಗ್ಗಿತು. ಚಿಗುರನ್ನು ಮರವಾಗಲು ಬಿಟ್ಟರೆ ಅದು ಮೊದಲಿಗಿಂತ ಹೆಚ್ಚು ನೀರು ಕುಡಿಯುತ್ತದೆ ಎಂಬುದೇ ಇದರ ಪಾಠ.

ಈಗ ಹೂಗುಚ್ಛದವರು ಕೇಳುವುದು ಇದೇ ಕುಲದ ಚಿಕ್ಕ ಜಾತಿಯೊಂದನ್ನು: ಬೆಳ್ಳಿಬೂದಿ ಬಣ್ಣದ ದುಂಡೆಲೆಯ ಯೂಕಲಿಪ್ಟಸ್ ಪಲ್ವೆರುಲೆಂಟ. ಇದರ ತವರು ನ್ಯೂ ಸೌತ್ ವೇಲ್ಸಿನ ಗುಡ್ಡಗಾಡು. ಹಾಗೇ ಬಿಟ್ಟರೂ ಇದು ಸುಮಾರು 10 ಮೀಟರ್ ಮಾತ್ರ ಬೆಳೆದೀತು. ಇಬ್ಬನಿ ಹೆಪ್ಪುಗಟ್ಟುವ ಚಳಿಯನ್ನೂ ತಾಳುತ್ತದೆ.

ಬೆಳೆಸುವ ಕ್ರಮ ಸುಲಭ. ಬೀಜ ಬಹಳ ಸಣ್ಣದು; ಆಳಕ್ಕೆ ಹಾಕಬಾರದು. ಮರಳು ಬೆರೆತ ಮಣ್ಣಿನ ಮೇಲೆ ಉದುರಿಸಿ, ತೆಳುವಾಗಿ ಮರಳು ಮುಚ್ಚಿ, ನೀರು ಚಿಮುಕಿಸಿ. ಸಸಿಯ ಬೇರು ಚೀಲದೊಳಗೆ ಸುರುಳಿ ಸುತ್ತುವ ಮೊದಲೇ, ಮಳೆಗಾಲದ ಆರಂಭದಲ್ಲಿ ನೆಡಿ. ಬಿಸಿಲು ಬೀಳುವ, ನೀರು ನಿಲ್ಲದ ಜಾಗವಾಗಬೇಕು. ಮೊದಲ ವರ್ಷ ಕಳೆ ತೆಗೆದು ಕಾಪಾಡಿ. ಬೇರೂರಿದ ಮೇಲೆ ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಕತ್ತರಿಸುತ್ತ ಬನ್ನಿ. ನೀಳವಾದ ಹೊಸ ಕೊಂಬೆಗಳು ಬರುತ್ತವೆ. ಎಳೆಯ ತುದಿ ಬಲಿಯುವ ತನಕ ಮಾತ್ರ ಕೊಯ್ಯಬೇಡಿ. ಎಳೆಗೊಂಬೆ ಪೇಟೆ ತಲಪುವಷ್ಟರಲ್ಲಿ ಬಾಡಿ ತಲೆಬಾಗುತ್ತದೆ.

ಹಾಗಾದರೆ ತೋಟವನ್ನೆಲ್ಲ ಇದಕ್ಕೇ ಕೊಡೋಣವೇ? ಕೂಡದೆಂಬುದು ನನ್ನ ಅಭಿಪ್ರಾಯ. ಕೊಳ್ಳುವವರನ್ನು ಮೊದಲು ವಿಚಾರಿಸಿ, ಬೇಲಿಯ ಬದಿಗೆ ಹತ್ತಿಪ್ಪತ್ತು ಗಿಡ ನೆಟ್ಟರೆ ಸಾಕು. ಒರತೆಯ ಬಳಿ, ಜೌಗಿನ ಅಂಚಿನಲ್ಲಿ, ನೆರೆಯವರ ಬಾವಿಯ ಹತ್ತಿರ ಒಂದನ್ನೂ ನೆಡಬೇಡಿ. ಮಾರುಕಟ್ಟೆ ಬಿದ್ದ ವರ್ಷವೂ ಕತ್ತರಿ ಹಾಕುವುದನ್ನು ಬಿಡಬೇಡಿ. ಬೆಲೆಯಿಲ್ಲವೆಂದು ಕೈಬಿಟ್ಟ ಗಿಡವೇ ನಾಳಿನ ಮರ. ಅದು ಕುಡಿಯುವ ನೀರು ಒಬ್ಬರದಲ್ಲ, ಕೆಳಗಿನ ಊರಿನವರದೂ ಹೌದು. ವರ್ಷವರ್ಷವೂ ಕತ್ತರಿ ಹಿಡಿಯುವ ವ್ಯವಧಾನವಿಲ್ಲದವರು ಇದನ್ನು ನೆಡದಿರುವುದೇ ಲೇಸು.